ಕಿವಿಗೆ ಚುಚ್ಚದ ಕ್ಲೋಸ್ಡ್‌-ಬ್ಯಾಕ್ ಹೆಡ್‌ಫೋನ್: ಆರಿಸುವುದು ಹೇಗೆ?

‘ಹೊರಗಿನ ಗದ್ದಲ ಒಳಗೆ ಬರಬಾರದು, ನಾನು ಕೇಳುವುದು ಪಕ್ಕದವರಿಗೆ ಕೇಳಿಸಬಾರದು, ಟ್ರೆಬಲ್ ಮಾತ್ರ ಕಿವಿ ಚುಚ್ಚಬಾರದು. ಅಂಥ ಹೆಡ್‌ಫೋನ್ ಯಾವುದು?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮೊದಲೆರಡು ಬೇಡಿಕೆಗೆ ಉತ್ತರ ಕ್ಲೋಸ್ಡ್‌-ಬ್ಯಾಕ್, ಅಂದರೆ ಕಿವಿ ಮುಚ್ಚುವ ಕಪ್‌ನ ಹಿಂಬದಿಯೂ ಮುಚ್ಚಿರುವ ಹೆಡ್‌ಫೋನ್. ಮೂರನೆಯದರ ಟ್ರೆಬಲ್ ಎಂದರೆ ಸದ್ದಿನ ತಾರ ಭಾಗ, ಅದೇ ಕಷ್ಟದ್ದು. ಒಂದು ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಬ್ಬರು ಗಂಟೆಗಟ್ಟಲೆ ಹಾಯಾಗಿ ಕೇಳುವ ಹೆಡ್‌ಫೋನ್ ಇನ್ನೊಬ್ಬರಿಗೆ ಎರಡೇ ಹಾಡಿಗೆ ತಲೆನೋವು ತರುತ್ತದೆ. ಕಿವಿಯ ಆಕಾರ, ಕನ್ನಡಕ, ವಾಲ್ಯೂಮ್ ಎಲ್ಲವೂ ಇದರಲ್ಲಿ ಪಾಲುದಾರರು. ಹಾಗಾಗಿ ಹೆಸರಿಗಿಂತ ಮೊದಲು ಆರಿಸುವ ವಿಧಾನ ತಿಳಿದಿರಲಿ.

ಶುರುವಿಗೇ ಒಂದು ತಪ್ಪು ಕಲ್ಪನೆ ಬಿಟ್ಟುಬಿಡಿ. ನಯವಾದ ಟ್ರೆಬಲ್ ಎಂದರೆ ಕಡಿಮೆ ಟ್ರೆಬಲ್ ಅಲ್ಲ. ರಸ್ತೆ ಸ್ವಲ್ಪ ಏರಿದ್ದರೆ ಗಾಡಿಗೆ ಏನೂ ಆಗದು. ನಡುವೆ ಧುತ್ತೆಂದು ಹಂಪ್ ಬಂದರೆ ಬೆನ್ನು ನೋಯುತ್ತದೆ. ಟ್ರೆಬಲ್ ಕೂಡ ಹಾಗೆಯೇ. ಒಟ್ಟು ಪ್ರಮಾಣ ತುಸು ಹೆಚ್ಚಿದ್ದರೂ ಕಿವಿ ಒಗ್ಗಿಕೊಳ್ಳುತ್ತದೆ, ಆದರೆ ಒಂದು ಸಣ್ಣ ವ್ಯಾಪ್ತಿಯಲ್ಲಿ ಮಾತ್ರ ಸದ್ದು ಎದ್ದು ನಿಂತರೆ ಪ್ರತಿ ‘ಸ’ಕಾರವೂ ಸೂಜಿಯಾಗುತ್ತದೆ. ‘ಟ್ರೆಬಲ್ ಕಡಿಮೆ’ ಎಂಬ ಒಂದೇ ಕಾರಣಕ್ಕೆ ಕೊಂಡವರು ಹಲವು ಸಲ ಮಂಕಾಗಿಯೂ ಇರುವ, ಚುಚ್ಚುವುದನ್ನೂ ಬಿಡದ ಹೆಡ್‌ಫೋನ್ ಜೊತೆ ಮನೆಗೆ ಬರುತ್ತಾರೆ.

ಈ ಕೆಲಸಕ್ಕೆ ಬೇಕಾದದ್ದು ಇಷ್ಟೇ: ನಿಮಗೆ ಬಾಯಿಪಾಠವಾಗಿರುವ ನಾಲ್ಕೈದು ರೆಕಾರ್ಡಿಂಗ್, ಫೋನಿನಲ್ಲಿ ಒಂದು ಟೋನ್ ಜನರೇಟರ್ ಆ್ಯಪ್ (ಬೇಕಾದ ಒಂದೇ ಸ್ವರ ಹೊರಡಿಸುವಂಥದ್ದು), ಒಂದು ಇಕ್ವಲೈಸರ್ (ಸದ್ದಿನ ಬೇರೆಬೇರೆ ಭಾಗಗಳನ್ನು ಏರಿಸಿ ಇಳಿಸುವಂಥದ್ದು), ಬರೆದಿಡಲು ಕಾಗದ. ಜೊತೆಗೆ ವಾಪಸ್ ಕೊಡುವ ಅವಕಾಶವಿರುವ ಕಡೆಯೇ ಖರೀದಿಸಿ. ಉಳಿದೆಲ್ಲಕ್ಕಿಂತ ಇದು ಮುಖ್ಯ.

1. ಚುಚ್ಚುತ್ತಿರುವುದು ಎಲ್ಲಿ ಎಂದು ಮೊದಲು ಹಿಡಿಯಿರಿ

‘ಕರ್ಕಶ’ ಎನ್ನುವುದು ಒಂದೇ ಕಾಯಿಲೆಯಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನಗಳ ಆಸುಪಾಸಿನಲ್ಲಿ ತೊಂದರೆಯಿದೆ ಎಂಬುದರ ಮೇಲೆ ಅದರ ರೂಪ ಬದಲಾಗುತ್ತದೆ. ಸಾವಿರ ಕಂಪನ ಅಂದರೆ 1 ಕಿಲೋಹರ್ಟ್ಜ್.

2ರಿಂದ 5 ಕಿಲೋಹರ್ಟ್ಜ್ ನಡುವೆ ಹೆಚ್ಚಾದರೆ ಹಾಡುವವರು ಮುಖದ ಮುಂದೆಯೇ ನಿಂತು ಕಿರುಚಿದಂತೆ ಕೇಳುತ್ತದೆ. ಪಿಟೀಲು ಕೀರಲಾಗುತ್ತದೆ, ಟ್ರಂಪೆಟ್ ತಗಡು ಬಡಿದಂತಾಗುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಇದೇ ಭಾಗದಲ್ಲಿ. ಆದ್ದರಿಂದ ಇಲ್ಲಿ ಸದ್ದಿನ ಜೋರು ಎರಡು ಡೆಸಿಬೆಲ್ (ಜೋರಿನ ಅಳತೆ) ಹೆಚ್ಚಾದರೂ ಗೊತ್ತಾಗುತ್ತದೆ. ದಣಿವು ತರುವುದು ಹೆಚ್ಚಾಗಿ ಇದೇ, ಬೈಸಿಕೊಳ್ಳುವುದು ಮಾತ್ರ ಅದಕ್ಕೂ ಮೇಲಿನ ಟ್ರೆಬಲ್!

5ರಿಂದ 9 ಕಿಲೋಹರ್ಟ್ಜ್ ಭಾಗ ಊಷ್ಮಾಕ್ಷರಗಳ ಜಾಗ. ಇಲ್ಲಿ ಉಬ್ಬಿದ್ದರೆ ‘ಸ’ ಎಂಬುದು ‘ಸ್ಸ್’ ಎಂದು ಸೀಳಿಕೊಂಡು ಬರುತ್ತದೆ. ಡ್ರಮ್ ಸೆಟ್ಟಿನ ಸಿಂಬಲ್‌ನಲ್ಲಿ ಲೋಹದ ನಾದ ಮಾಯವಾಗಿ ಬರೀ ‘ಟಿಸ್’ ಉಳಿಯುತ್ತದೆ.

10 ಕಿಲೋಹರ್ಟ್ಜ್‌ಗಿಂತ ಮೇಲಿನದು ‘ಗಾಳಿಯಾಡುವ’ ಭಾಗ. ಇಲ್ಲಿ ಅತಿಯಾದರೆ ನೇರವಾಗಿ ನೋಯುವುದಿಲ್ಲ. ಎಲ್ಲದರ ಮೇಲೂ ಸಣ್ಣ ಮರಳು ಎರಚಿದಂತಿರುತ್ತದೆ, ಅಷ್ಟೆ.

ಪತ್ತೆಗೆ ನಮ್ಮ ವರ್ಣಮಾಲೆಯೇ ಒಂದು ಒಳ್ಳೆಯ ಸಾಧನ. ಸ್ಪಷ್ಟ ಉಚ್ಚಾರಣೆಯ ಮಾತಿನ ರೆಕಾರ್ಡಿಂಗ್ ಹಾಕಿ ‘ಶ’ ಮತ್ತು ‘ಸ’ಗಳನ್ನು ಬೇರೆಬೇರೆಯಾಗಿ ಗಮನಿಸಿ. ‘ಶ’ದ ಶಕ್ತಿ ‘ಸ’ಗಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಸೇರಿರುತ್ತದೆ. ‘ಶಾಂತಿ’ ಎಂದಾಗ ಕಿವಿ ಮುದುಡಿದರೆ 3-5 ಕಿಲೋಹರ್ಟ್ಜ್ ಮೇಲೆ ಅನುಮಾನಪಡಿ. ‘ಸಾಸಿವೆ’ ಎಂದಾಗ ಮುದುಡಿದರೆ 6-9ರ ಮೇಲೆ. ಹೆಂಗಸರ ದನಿಯಲ್ಲಿ ಇವೆರಡೂ ಗಂಡಸರ ದನಿಗಿಂತ ತುಸು ಮೇಲಿರುತ್ತವೆ. ಅದಕ್ಕೇ ಎರಡೂ ದನಿಗಳಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

2. ತಪ್ಪು ಹೆಡ್‌ಫೋನಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ

ಹಣ ಖರ್ಚಾಗುವ ಮುನ್ನ ಹತ್ತು ನಿಮಿಷದ ಕೆಲಸ. ಫೋನಿನಲ್ಲಿ, ಹಾಡು ಕೇಳುವ ಆ್ಯಪ್‌ನಲ್ಲಿ, ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲಾದರೂ ‘ಟ್ರೆಬಲ್ ಬೂಸ್ಟ್’, ‘ಕ್ಲಿಯರ್ ವಾಯ್ಸ್’, ‘ಸರೌಂಡ್’ ಎಂಬಂಥದ್ದು ಆನ್ ಆಗಿದೆಯೇ ನೋಡಿ. ಒಂದೇ ಆಲ್ಬಮ್ಮಿನಲ್ಲಿ ಮಾತ್ರ ತೊಂದರೆ ಇದ್ದರೆ ಅದು ರೆಕಾರ್ಡಿಂಗಿನ ದೋಷ. ಹತ್ತರಲ್ಲಿ ಏಳು ಹಾಡು ಚುಚ್ಚಿದರೆ ಮಾತ್ರ ಹೆಡ್‌ಫೋನನ್ನು ದೂರಿ. ಕಡಿಮೆ ಬಿಟ್‌ರೇಟಿನ, ಅಂದರೆ ತೀರಾ ಕುಗ್ಗಿಸಿದ ಫೈಲುಗಳಲ್ಲೂ ಸಿಂಬಲ್ ಮತ್ತು ‘ಸ’ಕಾರ ನೀರಿನಲ್ಲಿ ಕಲಕಿದಂತೆ ಕೇಳುತ್ತವೆ, ಅದನ್ನು ಯಾವ ಹೆಡ್‌ಫೋನೂ ಸರಿಪಡಿಸಲಾರದು.

ಇನ್ನು ವಾಲ್ಯೂಮ್. ಸಣ್ಣ ವಾಲ್ಯೂಮಿನಲ್ಲಿ ಕಿವಿಗೆ ಬಾಸ್, ಅಂದರೆ ಸದ್ದಿನ ಮಂದ್ರ ಭಾಗ ಸೊರಗಿದಂತೆ ಕೇಳುತ್ತದೆ. ಬಾಸ್ ಬರಲೆಂದು ಒಟ್ಟು ವಾಲ್ಯೂಮ್ ಏರಿಸುತ್ತೀರಿ, ಜೊತೆಗೆ 3 ಕಿಲೋಹರ್ಟ್ಜ್ ಕೂಡ ಏರಿ ಕಿವಿ ಕೊರೆಯುತ್ತದೆ. ಬಾಸ್ ಸ್ವಲ್ಪ ತುಂಬಿಕೊಂಡಿರುವ ಹೆಡ್‌ಫೋನ್ ಅದೇ ಟ್ರೆಬಲ್ ಇಟ್ಟುಕೊಂಡೂ ಹಿತವಾಗಿ ಕೇಳಲು ಇದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅದನ್ನು ದಿನವೂ ದಾಟುತ್ತಿದ್ದರೆ ಹೆಡ್‌ಫೋನ್ ಬದಲಿಸುವುದು ಎರಡನೆಯ ಕೆಲಸ.

3. ಮುಚ್ಚಿದ ಕಪ್ಪಿನೊಳಗೆ ಏನಾಗುತ್ತದೆ ಎಂದು ತಿಳಿದು ನೋಡಿ

ಡ್ರೈವರ್ ಎಂದರೆ ಸದ್ದು ಹುಟ್ಟಿಸುವ ತೆಳು ಪೊರೆ ಮತ್ತು ಅದನ್ನು ಅಲ್ಲಾಡಿಸುವ ಭಾಗ. ಅದು ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಓಪನ್‌-ಬ್ಯಾಕ್ ಹೆಡ್‌ಫೋನಿನಲ್ಲಿ ಹಿಂದಿನ ಸದ್ದು ಜಾಲರಿಯಿಂದ ಹೊರಗೆ ಹೋಗುತ್ತದೆ. ಕ್ಲೋಸ್ಡ್‌-ಬ್ಯಾಕ್‌ನಲ್ಲಿ ದಾರಿಯಿಲ್ಲ. ಕಪ್ಪಿನ ಗೋಡೆಗೆ ಬಡಿದು ತಿರುಗಿ, ತೆಳು ಪೊರೆಯನ್ನು ದಾಟಿ, ಒಂದು ಕ್ಷಣ ತಡವಾಗಿ ನಿಮ್ಮ ಕಿವಿಗೇ ಬರುತ್ತದೆ.

ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಇದು ಸಮನಾಗಿ ಆಗುವುದಿಲ್ಲ. ಡ್ರೈವರಿನಿಂದ ಹಿಂಗೋಡೆಗೆ 4 ಸೆಂ.ಮೀ. ಇದ್ದರೆ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಲೆಕ್ಕ ಹಾಕಿದಾಗ, ಆ ಜಾಗದಲ್ಲಿ ಅರ್ಧ ಅಲೆ ಸರಿಯಾಗಿ ಕೂರುವುದು ಸುಮಾರು 4.3 ಕಿಲೋಹರ್ಟ್ಜ್‌ನಲ್ಲಿ. 3 ಸೆಂ.ಮೀ. ಇದ್ದರೆ 5.7ರಲ್ಲಿ. ಅಲ್ಲಿ ಅಲೆ ನಿಂತಲ್ಲೇ ಅನುರಣಿಸಿ ಒಂದು ಉಬ್ಬು, ಪಕ್ಕದಲ್ಲೇ ಒಂದು ತಗ್ಗು ಮಾಡುತ್ತದೆ. ಎರಡೂ ಸಂಖ್ಯೆ ಬಂದು ಬಿದ್ದದ್ದು ಎಲ್ಲಿ ನೋಡಿ: ಕಿವಿ ಸೂಕ್ಷ್ಮವಾಗಿರುವ ಜಾಗದ ಆಸುಪಾಸಿನಲ್ಲೇ. ಒಳ್ಳೆಯ ಕ್ಲೋಸ್ಡ್‌-ಬ್ಯಾಕ್ ತಯಾರಿಸುವುದು ಕಷ್ಟ ಎನ್ನುವುದು ಇದಕ್ಕೇ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಕಪ್ಪಿನೊಳಗೆ ಉಣ್ಣೆಯ ಫೆಲ್ಟ್, ಸ್ಪಂಜು ಅಥವಾ ಹತ್ತಿಯಂಥ ಸದ್ದು ಹೀರುವ ವಸ್ತು ತುಂಬಿದ್ದಾರೆಯೇ ಎಂದು ಬಿಚ್ಚಿ ತೋರಿಸುವ ವಿಡಿಯೋಗಳಲ್ಲಿ ನೋಡಿ. ಹಿಂಗೋಡೆ ಡ್ರೈವರಿಗೆ ಸಮಾನಾಂತರವಾಗಿ ಚಪ್ಪಟೆಯಾಗಿದ್ದರೆ ಅಲೆ ನೆಟ್ಟಗೆ ತಿರುಗಿ ಬರುತ್ತದೆ, ಓರೆಯಾಗಿದ್ದರೆ ಚದುರುತ್ತದೆ. ಬೆರಳಿನಿಂದ ಕಪ್ಪನ್ನು ತಟ್ಟಿ: ‘ಟೊಕ್’ ಎಂದು ಸತ್ತ ಸದ್ದು ಬಂದರೆ ಒಳ್ಳೆಯದು, ಖಾಲಿ ಡಬ್ಬಿಯಂತೆ ಅನುರಣಿಸಿದರೆ ಸಂಶಯಪಡಿ. ಇದು ಪಕ್ಕಾ ಪರೀಕ್ಷೆಯಲ್ಲ, ಸುಳಿವು ಮಾತ್ರ.

ಇವನ್ನು ನಂಬಬೇಡಿ: ಹೆಡ್‌ಫೋನಿನ ಕಪ್ ಮರದ್ದಾದ ಮಾತ್ರಕ್ಕೆ ನಾದ ಬೆಚ್ಚಗಿರುತ್ತದೆ, ಪೊರೆಗೆ ಟೈಟಾನಿಯಂ ಅಥವಾ ಬೆರಿಲಿಯಂ ಲೇಪನವಿದ್ದರೆ ಕರ್ಕಶವಾಗುತ್ತದೆ ಎಂಬ ಮಾತುಗಳು. ವಸ್ತುವಿಗಿಂತ ಅದನ್ನು ಹದ ಮಾಡಿದ ಕೈ ದೊಡ್ಡದು. ಡಬ್ಬದ ಮೇಲಿನ ‘5 ಹರ್ಟ್ಜ್‌ನಿಂದ 40,000 ಹರ್ಟ್ಜ್’ ಎಂಬ ಬರಹದಿಂದಲೂ ಟ್ರೆಬಲ್ ನಯವೋ ಅಲ್ಲವೋ ತಿಳಿಯದು. ಹೈ-ರೆಸ್ ಮುದ್ರೆ ಹೇಳುವುದೂ ಸದ್ದು 40 ಕಿಲೋಹರ್ಟ್ಜ್ ಮುಟ್ಟುತ್ತದೆ ಎಂದಷ್ಟೇ. ಮನುಷ್ಯನ ಕಿವಿ 20ರ ಹತ್ತಿರ ನಿಂತುಬಿಡುತ್ತದೆ.

4. ಗ್ರಾಫ್ ಓದಲು ಕಲಿಯಿರಿ

ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್ ಎಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಹೆಡ್‌ಫೋನ್ ಎಷ್ಟು ಜೋರು ಎಂದು ತೋರಿಸುವ ಗೆರೆ. ಅಡ್ಡಕ್ಕೆ ಫ್ರೀಕ್ವೆನ್ಸಿ, ಉದ್ದಕ್ಕೆ ಡೆಸಿಬೆಲ್. ಅಳೆಯುವುದು ಕೃತಕ ಕಿವಿಯ ಮೇಲೆ ಕೂರಿಸಿ.

ಹೊಸಬರು ಎಡವುವ ಮೊದಲ ಜಾಗ 3 ಕಿಲೋಹರ್ಟ್ಜ್ ಬಳಿಯ ದೊಡ್ಡ ಗುಡ್ಡ. ಅದನ್ನು ಕಂಡು ‘ಇದು ಕಿರುಚುತ್ತದೆ’ ಎಂದು ಹೆದರುತ್ತಾರೆ. ಆ ಗುಡ್ಡ ಇರಲೇಬೇಕು. ಸುಮಾರು ಎರಡೂವರೆ ಸೆಂ.ಮೀ. ಉದ್ದದ ಕಿವಿನಾಳ ಆ ಭಾಗದ ಸದ್ದನ್ನು ಸಹಜವಾಗಿಯೇ ಹಿಗ್ಗಿಸುತ್ತದೆ, ಕೃತಕ ಕಿವಿಯೂ ಅದನ್ನೇ ಮಾಡುತ್ತದೆ. ಹೀಗಾಗಿ ಕಚ್ಚಾ ಗ್ರಾಫನ್ನು ಯಾವಾಗಲೂ ಒಂದು ಗುರಿಗೆರೆಯ, ಅಂದರೆ ಗೆರೆ ಹೇಗಿದ್ದರೆ ಹಿತ ಎಂದು ತೋರಿಸುವ ಮಾದರಿಯ ಜೊತೆಗಿಟ್ಟು ಓದಬೇಕು. ಹೆಚ್ಚು ಬಳಕೆಯಲ್ಲಿರುವುದು ಹರ್ಮನ್ ಗುರಿಗೆರೆ. ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಮೇಲೆ ಪ್ರಯೋಗ ನಡೆಸಿ ರೂಪಿಸಿದ ಇದರ 2018ರ ಆವೃತ್ತಿಯನ್ನು ಹಲವು ವಿಮರ್ಶಕರು ಗ್ರಾಫಿನ ಮೇಲೆಯೇ ಹಾಕಿ ತೋರಿಸುತ್ತಾರೆ. ನಿಮ್ಮ ಕಿವಿ ಸೂಕ್ಷ್ಮವಾಗಿದ್ದರೆ 3ರಿಂದ 9 ಕಿಲೋಹರ್ಟ್ಜ್‌ವರೆಗೆ ಆ ಗೆರೆಗಿಂತ ಒಂದೆರಡು ಡೆಸಿಬೆಲ್ ಕೆಳಗಿರುವುದನ್ನು ಹುಡುಕಿ.

ಗೆರೆಯಲ್ಲಿ ಹುಡುಕಬೇಕಾದದ್ದು ಚೂಪು ಶಿಖರ. 4ರಿಂದ 10 ಕಿಲೋಹರ್ಟ್ಜ್ ನಡುವೆ ಅಕ್ಕಪಕ್ಕಕ್ಕಿಂತ ಐದಾರು ಡೆಸಿಬೆಲ್ ಮೇಲೆದ್ದ ಕಿರಿದಾದ ಶಿಖರವಿದ್ದರೆ ಆ ಹೆಡ್‌ಫೋನನ್ನು ಕೇಳದೆ ಕೊಳ್ಳಬೇಡಿ. ಇನ್ನೂ ಮೋಸದ್ದು ಹಳ್ಳ-ಶಿಖರದ ಜೋಡಿ: 5ರಲ್ಲಿ ಆಳವಾದ ಹಳ್ಳ, 8ರಲ್ಲಿ ಶಿಖರ. ಸರಾಸರಿ ನೋಡಿದರೆ ‘ಟ್ರೆಬಲ್ ಸಮವಾಗಿದೆ’ ಎನಿಸುತ್ತದೆ. ಕೇಳಿದರೆ ಮುಚ್ಚಿಡಲು ನೆರೆಹೊರೆಯೇ ಇಲ್ಲದ ಆ ಶಿಖರ ಒಂಟಿಯಾಗಿ ಕಿವಿಗೆ ಬಂದು ಹೊಡೆಯುತ್ತದೆ.

ಮೂರು ಎಚ್ಚರಿಕೆ. ಬೇರೆಬೇರೆಯವರ ಗ್ರಾಫುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ, ಅಳೆಯುವ ಉಪಕರಣ ಬದಲಾದರೆ ಗೆರೆಯೂ ಬದಲಾಗುತ್ತದೆ. ನಿಮ್ಮ ಬಳಿ ಈಗಿರುವ ಹೆಡ್‌ಫೋನನ್ನೂ ಅಳೆದಿರುವವರನ್ನೇ ಹುಡುಕಿ, ಅದರೊಂದಿಗೆ ಹೋಲಿಸಿ. ಉದ್ದದ ಅಳತೆಪಟ್ಟಿಯನ್ನೂ ಗಮನಿಸಿ. 100 ಡೆಸಿಬೆಲ್ ವ್ಯಾಪ್ತಿಯನ್ನು ಅಂಗೈಯಗಲದಲ್ಲಿ ತುರುಕಿದರೆ ಯಾವ ಗೆರೆಯೂ ನುಣ್ಣಗೆ ಕಾಣುತ್ತದೆ. ಗೆರೆಯನ್ನು ಸರಾಸರಿ ಮಾಡಿ ಉಜ್ಜಿ ನಯಗೊಳಿಸಿದರೂ ಅಷ್ಟೆ. ಕೊನೆಯದಾಗಿ, 8-10 ಕಿಲೋಹರ್ಟ್ಜ್ ದಾಟಿದ ಮೇಲೆ ಕೃತಕ ಕಿವಿಗೂ ನಿಮ್ಮ ಕಿವಿಗೂ ಹೊಂದಿಕೆ ಕಡಿಮೆ. ಅಲ್ಲಿನ ಸಣ್ಣಪುಟ್ಟ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

5. ಪಟ್ಟಿಯನ್ನು ಮೂರಕ್ಕೆ ಇಳಿಸಿ

ಗ್ರಾಫ್ ನೋಡಿ ಆರಿಸಿದವುಗಳಲ್ಲಿ ಮೂರನ್ನು ಮಾತ್ರ ಕೇಳಿ ನೋಡಲು ಉಳಿಸಿಕೊಳ್ಳಿ. ಸ್ಟುಡಿಯೋಗಳಲ್ಲಿ ಹೆಸರು ಮಾಡಿದ್ದು ಎಂದ ಕೂಡಲೇ ಹಿತವಾಗಿರುತ್ತದೆ ಎಂದುಕೊಳ್ಳಬೇಡಿ. ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಗಟ್ಟಿಮುಟ್ಟು, ಪ್ಯಾಡ್ ಮೆತ್ತಗೆ. ಆದರೆ 8-9 ಕಿಲೋಹರ್ಟ್ಜ್ ಬಳಿಯ ಶಿಖರಕ್ಕೂ ಅದು ಅಷ್ಟೇ ಪ್ರಸಿದ್ಧ. 1991ರಿಂದ ಮಾರಾಟದಲ್ಲಿರುವ ಸೋನಿ ಎಂಡಿಆರ್-7506 ರೆಕಾರ್ಡಿಂಗಿನ ದೋಷ ಎತ್ತಿ ತೋರಿಸಲು ಚೆನ್ನ, ಸಂಜೆ ಆರಾಮವಾಗಿ ಹಾಡು ಕೇಳಲು ಅದರ ಟ್ರೆಬಲ್ ಅನೇಕರಿಗೆ ಹರಿತ. ದೋಷ ಹುಡುಕುವುದು ಅವುಗಳ ಕೆಲಸ, ಆ ಕೆಲಸವನ್ನು ಅವು ಸರಿಯಾಗಿಯೇ ಮಾಡುತ್ತವೆ.

ಇನ್ನೊಂದು ಬದಿಗೆ, 2019ರಲ್ಲಿ ಬಂದ ಎಕೆಜಿ ಕೆ371 ಹರ್ಮನ್ ಗುರಿಗೆರೆಯ ಹತ್ತಿರ ಸಾಗುವಂತೆ ಹದ ಮಾಡಿದ್ದು. ಪ್ಯಾಡ್ ಸರಿಯಾಗಿ ಕೂರದಿದ್ದರೆ ಮಾತ್ರ ಬಾಸ್ ಸೋರಿ ಲೆಕ್ಕ ತಪ್ಪುತ್ತದೆ. ಡ್ಯಾನ್ ಕ್ಲಾರ್ಕ್ ಆಡಿಯೋದ ಏಯಾನ್ ಕ್ಲೋಸ್ಡ್ ಸರಣಿಯಲ್ಲಿ ಟ್ರೆಬಲ್ ತಗ್ಗಿಸಿಕೊಳ್ಳಲು ಪ್ಯಾಡಿನೊಳಗೆ ಇಡುವ ತೆಳು ಬಿಲ್ಲೆಗಳು ಜೊತೆಗೇ ಬಂದಿವೆ. ಇದು ಕೊಳ್ಳಿ, ಅದು ಬೇಡ ಎನ್ನುವ ಪಟ್ಟಿಯಲ್ಲ. ಗ್ರಾಫಿನಲ್ಲಿ ಕಂಡದ್ದು ಕಿವಿಯಲ್ಲಿ ಹೇಗೆ ಕೇಳುತ್ತದೆ ಎಂದು ಅಭ್ಯಾಸ ಮಾಡಲು ಇವು ಒಳ್ಳೆಯ ಉದಾಹರಣೆಗಳು.

ಬ್ಲೂಟೂತ್ ಮಾಡೆಲುಗಳಲ್ಲಿ ಒಂದು ವಿಷಯ ಬೇರೆ. ಒಳಗಿನ ಚಿಪ್ ಸದ್ದನ್ನು ತಿದ್ದಿಯೇ ಡ್ರೈವರಿಗೆ ಕಳಿಸುತ್ತದೆ. ಚಾರ್ಜ್ ಮುಗಿದು ವೈರ್ ಹಾಕಿ ಕೇಳಿದಾಗ ಆ ತಿದ್ದುಪಡಿ ಇಲ್ಲದೆ ಪೂರಾ ಬೇರೆ ಹೆಡ್‌ಫೋನಿನಂತೆ ಕೇಳಬಹುದು. ನೀವು ಬಳಸುವ ರೀತಿಯಲ್ಲೇ ಪರೀಕ್ಷಿಸಿ.

ಓಮ್ ಲೆಕ್ಕದ ಇಂಪೀಡೆನ್ಸ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಬಗ್ಗೆ ಹೆಚ್ಚು ಚಿಂತೆ ಬೇಡ. ಓಮ್ ಹೆಚ್ಚಿದ್ದರೆ ನಯ ಎಂಬ ನಿಯಮವೇನೂ ಇಲ್ಲ. 250 ಓಮ್‌ನದ್ದನ್ನು ಫೋನಿಗೆ ಹಾಕಿದರೆ ಸದ್ದು ಸಣ್ಣದಾಗುತ್ತದೆ. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಏರಿಸಿದಾಗ ಅಲೆಯ ತುದಿ ಕತ್ತರಿಸಿ ಬರುವ ಕರ್ಕಶತೆ ಬೇರೆಯೇ.

6. ಕೇಳಿ ಪರೀಕ್ಷಿಸಿ

ಎರಡು ಹೆಡ್‌ಫೋನ್ ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿ. ಒಂದೆರಡು ಡೆಸಿಬೆಲ್ ಜೋರಾಗಿರುವುದು ಹೆಚ್ಚು ಸ್ಪಷ್ಟವಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಒಂದೇ ಮಾತಿನ ರೆಕಾರ್ಡಿಂಗ್ ಹಾಕಿ, ದನಿಯ ಮಟ್ಟ ಎರಡರಲ್ಲೂ ಒಂದೇ ಎನಿಸುವವರೆಗೆ ಹೊಂದಿಸಿ.

ಐದು ನಿಮಿಷ ಕೇಳಿ ತೀರ್ಮಾನಿಸಬೇಡಿ. ಟ್ರೆಬಲ್ ಹೆಚ್ಚಿರುವುದು ಮೊದಲ ಐದು ನಿಮಿಷ ‘ಅಬ್ಬಾ, ಎಷ್ಟು ವಿವರ!’ ಎನಿಸುತ್ತದೆ, ನಲವತ್ತನೇ ನಿಮಿಷದಲ್ಲಿ ತೆಗೆದಿಡುವಂತಾಗುತ್ತದೆ. ನಿಮಗೇ ಗೊತ್ತಿಲ್ಲದೆ ವಾಲ್ಯೂಮ್ ಇಳಿಸುತ್ತಾ ಹೋಗುತ್ತಿದ್ದೀರಾ ಎಂದು ನೋಡಿಕೊಳ್ಳಿ. ಅದಕ್ಕಿಂತ ನಂಬಬಹುದಾದ ಸಾಕ್ಷಿ ಬೇರಿಲ್ಲ.

ಆಮೇಲೆ ಟೋನ್ ಜನರೇಟರ್. ವಾಲ್ಯೂಮ್ ತೀರಾ ಸಣ್ಣದು ಮಾಡಿ, 1 ಕಿಲೋಹರ್ಟ್ಜ್‌ನಿಂದ 12ರವರೆಗೆ ಅರ್ಧ ನಿಮಿಷದಲ್ಲಿ ನಿಧಾನ ಏರುವ ಟೋನ್ ಹಾಕಿ. ಎಲ್ಲಿ ಥಟ್ಟನೆ ಜೋರಾಯಿತೋ ಆ ಸಂಖ್ಯೆ ಬರೆದುಕೊಳ್ಳಿ. 3ರ ಸುತ್ತ ಅಗಲವಾಗಿ ಏರಿ ಇಳಿದರೆ ಅದು ಕಿವಿಯ ಸಹಜ ಸೂಕ್ಷ್ಮತೆ; ಸೀಟಿ ಹೊಡೆದಂತೆ ಎದ್ದು ಕೂಡಲೇ ಬಿದ್ದರೆ ಅದೇ ಶಿಖರ. ಈಗ ಹೆಡ್‌ಫೋನನ್ನು ಅರ್ಧ ಸೆಂ.ಮೀ. ಹಿಂದೆ ಮುಂದೆ ಸರಿಸಿ ಮತ್ತೆ ಕೇಳಿ. ಶಿಖರ ಜಾಗ ಬದಲಿಸಿದರೆ ಅದು ನಿಮ್ಮ ಕಿವಿಯ ಹಾಲೆಯೂ ಕಪ್ಪೂ ಸೇರಿ ಮಾಡಿದ್ದು, ಕೂರಿಸುವ ರೀತಿಯಿಂದಲೇ ಸರಿಹೋಗಬಹುದು. ಕದಲದಿದ್ದರೆ ಹೆಡ್‌ಫೋನಿನದ್ದೇ.

7. ಪ್ಯಾಡ್ ಮತ್ತು ಸೀಲ್

ಸೀಲ್ ಎಂದರೆ ಪ್ಯಾಡ್ ಕಿವಿಯ ಸುತ್ತ ಸಂದಿಲ್ಲದೆ ಕೂರುವುದು. ಕ್ಲೋಸ್ಡ್‌-ಬ್ಯಾಕ್‌ನ ಬಾಸ್ ನಿಂತಿರುವುದೇ ಇದರ ಮೇಲೆ. ಕನ್ನಡಕದ ಕಡ್ಡಿ, ದಪ್ಪ ಕೂದಲು, ಸಡಿಲ ಹೆಡ್‌ಬ್ಯಾಂಡ್ ಸಣ್ಣ ಸಂದು ಬಿಟ್ಟರೂ ಬಾಸ್ ಸೋರುತ್ತದೆ. ಟ್ರೆಬಲ್ ಹಾಗೇ ಉಳಿಯುತ್ತದೆ. ನಿಮಗೆ ಕೇಳುವುದು ‘ಟ್ರೆಬಲ್ ಜಾಸ್ತಿ’.

ಪರೀಕ್ಷೆ ಸುಲಭ. 40 ಹರ್ಟ್ಜ್ ಟೋನ್ ಹಾಕಿ, ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬಾಸ್ ಒಮ್ಮೆಲೇ ಹೆಚ್ಚಾದರೆ ಸೀಲ್ ಸರಿಯಿಲ್ಲ. ಕನ್ನಡಕ ತೆಗೆದು ಮತ್ತೆ ನೋಡಿ. ಅದೇ ಕಾರಣವೆಂದು ಗೊತ್ತಾದರೆ ತೆಳು ಕಡ್ಡಿಯ ಕನ್ನಡಕ ಅಥವಾ ಮೆದು, ದಪ್ಪ ಪ್ಯಾಡ್ ಇರುವ ಮಾಡೆಲ್ ನೋಡಿ.

ಪ್ಯಾಡ್ ಹಳತಾಗಿ ಚಪ್ಪಟೆಯಾದರೆ ಡ್ರೈವರ್ ಕಿವಿಗೆ ಹತ್ತಿರವಾಗಿ ಟ್ರೆಬಲ್ಲಿನ ಆಕಾರವೇ ಬದಲಾಗುತ್ತದೆ. ‘ಮೊದಲು ಚೆನ್ನಾಗಿತ್ತು, ಈಗ ಚುಚ್ಚುತ್ತದೆ’ ಎನ್ನುವವರು ಮೊದಲು ಪ್ಯಾಡ್ ಮುಟ್ಟಿ ನೋಡಿ. ಬದಲಿಸುವಾಗ ಅದೇ ಮಾಡೆಲಿನ ಪ್ಯಾಡ್ ಹಾಕಿ. ಚರ್ಮದ ಬದಲು ವೆಲ್ವೆಟ್ ಬಟ್ಟೆಯದ್ದು ಹಾಕಿದರೆ ಗಾಳಿ ದಾಟಿ ಬಾಸ್ ಕುಗ್ಗಬಹುದು, ಆಗ ಬೇಕಾದದ್ದಕ್ಕೆ ತದ್ವಿರುದ್ಧವಾಗುತ್ತದೆ.

ಕೈಯಾರೆ ಮಾಡಬಹುದಾದ ಒಂದು ಉಪಾಯವಿದೆ. ಪ್ಯಾಡ್ ತೆಗೆದು ಡ್ರೈವರಿನ ಜಾಲರಿಯ ಮೇಲೆ 1-2 ಮಿ.ಮೀ. ದಪ್ಪದ, ಗಾಳಿಯಾಡುವ ಸ್ಪಂಜಿನ ಬಿಲ್ಲೆ ಇಡಿ. ಟ್ರೆಬಲ್ ಒಟ್ಟಾರೆ ಸ್ವಲ್ಪ ಇಳಿಯುತ್ತದೆ. ಎರಡೂ ಕಡೆ ಒಂದೇ ಅಳತೆಯಿರಲಿ, ಅಂಟು ಹಾಕಬೇಡಿ, ಡ್ರೈವರ್ ಸುತ್ತಲಿನ ಸಣ್ಣ ರಂಧ್ರಗಳನ್ನು ಮುಚ್ಚಬೇಡಿ. ಅವು ಬಾಸ್ ಹದಕ್ಕಾಗಿ ಬಿಟ್ಟವು.

ಹೊಸ ಹೆಡ್‌ಫೋನನ್ನು ನೂರು ಗಂಟೆ ಓಡಿಸಿದರೆ ಟ್ರೆಬಲ್ ಮೆದುವಾಗುತ್ತದೆ ಎಂಬ ಸಲಹೆ ನೆಚ್ಚಿ ವಾಪಸ್ ಕೊಡುವ ಅವಧಿ ಕಳೆದುಕೊಳ್ಳಬೇಡಿ. ಆ ಹೊತ್ತಿಗೆ ಮೆತ್ತಗಾಗುವುದು ಪ್ಯಾಡು, ಒಗ್ಗಿಹೋಗುವುದು ನಿಮ್ಮ ಕಿವಿ.

8. ಉಳಿದದ್ದನ್ನು ಇಕ್ವಲೈಸರಿನಲ್ಲಿ ತಿದ್ದಿ

‘ಟ್ರೆಬಲ್’ ಎಂಬ ಒಂದೇ ಗುಂಡಿಯಿರುವ ಇಕ್ವಲೈಸರ್ ಇಲ್ಲಿ ಕೆಲಸಕ್ಕೆ ಬಾರದು, ಶಿಖರದ ಜೊತೆ ಸುತ್ತಲಿನದ್ದನ್ನೂ ಕತ್ತರಿಸಿ ಹಾಡನ್ನು ಕಂಬಳಿ ಹೊದಿಸಿದಂತೆ ಮಾಡುತ್ತದೆ. ಬೇಕಾದದ್ದು ಪ್ಯಾರಾಮೆಟ್ರಿಕ್ ಇಕ್ವಲೈಸರ್: ಫ್ರೀಕ್ವೆನ್ಸಿ, ಎಷ್ಟು ಡೆಸಿಬೆಲ್, ಎಷ್ಟು ಅಗಲ ಎಂಬ ಮೂರನ್ನೂ ನಾವೇ ಕೊಡುವಂಥದ್ದು. ವಿಂಡೋಸ್‌ನಲ್ಲಿ ಇಕ್ವಲೈಸರ್ ಎಪಿಒ ಉಚಿತವಾಗಿ ಸಿಗುತ್ತದೆ. ಅಗಲವನ್ನು ‘ಕ್ಯೂ’ ಎಂಬ ಸಂಖ್ಯೆ ಹೇಳುತ್ತದೆ. ಕ್ಯೂ ಹೆಚ್ಚಿದಷ್ಟೂ ಕತ್ತರಿ ಸಪೂರ. 1.4 ಎಂದರೆ ಸುಮಾರು ಒಂದು ಸ್ಥಾಯಿಯಗಲ, 3 ಎಂದರೆ ಸುಮಾರು ಅರ್ಧ ಸ್ಥಾಯಿ.

ಟೋನ್ ಪರೀಕ್ಷೆಯಲ್ಲಿ 8.5 ಕಿಲೋಹರ್ಟ್ಜ್‌ನಲ್ಲಿ ಶಿಖರ ಸಿಕ್ಕಿತು ಎಂದುಕೊಳ್ಳಿ. 8500 ಹರ್ಟ್ಜ್, ಮೈನಸ್ 4 ಡೆಸಿಬೆಲ್, ಕ್ಯೂ 3 ಕೊಟ್ಟು ಶುರು ಮಾಡಿ. ಟೋನ್ ಮತ್ತೆ ಓಡಿಸಿ, ಸೀಟಿ ಅಡಗುವವರೆಗೆ ಒಂದೊಂದೇ ಡೆಸಿಬೆಲ್ ಇಳಿಸಿ. ಶಿಖರ ಹೋಗಿ ಅಲ್ಲಿ ಸದ್ದೇ ಕಳೆದುಹೋದರೆ ಜಾಸ್ತಿಯಾಯಿತು. ದನಿ ಕಿರುಚುವ ತೊಂದರೆಗೆ 3500 ಹರ್ಟ್ಜ್ ಬಳಿ ಮೈನಸ್ 2, ಕ್ಯೂ 1.4 ಸಾಕು. ಬಾಸ್ ಸೊರಗಿದ್ದರೆ 100 ಹರ್ಟ್ಜ್‌ಗಿಂತ ಕೆಳಗೆ 2-3 ಡೆಸಿಬೆಲ್ ಏರಿಸಿ ನೋಡಿ, ಕೆಲವೊಮ್ಮೆ ಟ್ರೆಬಲ್ ಮುಟ್ಟದೆಯೇ ಸಮಸ್ಯೆ ಮುಗಿಯುತ್ತದೆ. ಏರಿಸಿದಷ್ಟೇ ಡೆಸಿಬೆಲ್ ಅನ್ನು ‘ಪ್ರೀಆ್ಯಂಪ್’ ಎಂಬಲ್ಲಿ ಮೈನಸ್ ಮಾಡಲು ಮರೆಯಬೇಡಿ. ಮರೆತರೆ ಜೋರಿನ ಜಾಗದಲ್ಲಿ ಸದ್ದು ಒಡೆದು ಹೊಸ ಕರ್ಕಶತೆ ಹುಟ್ಟುತ್ತದೆ. ಗ್ರಾಫಿನ ಆಳವಾದ ಹಳ್ಳಗಳನ್ನು ತುಂಬಲು ಹೋಗಬೇಡಿ, ಅಲೆಗಳು ಒಂದನ್ನೊಂದು ಅಳಿಸಿ ಆದ ಹಳ್ಳಕ್ಕೆ ಎಷ್ಟು ಸುರಿದರೂ ತುಂಬದು.

ಇಂಟರ್‌ನೆಟ್ಟಿನಲ್ಲಿ ನಿಮ್ಮ ಮಾಡೆಲಿಗೆ ಸಿದ್ಧ ಸೆಟ್ಟಿಂಗ್ ಸಿಗಬಹುದು. 1 ಕಿಲೋಹರ್ಟ್ಜ್‌ಗಿಂತ ಕೆಳಗಿನದ್ದನ್ನು ಹಾಗೇ ಬಳಸಿ. 5ರ ಮೇಲಿನದ್ದನ್ನು ನಿಮ್ಮ ಟೋನ್ ಪರೀಕ್ಷೆಯ ಸಂಖ್ಯೆಗಳೊಂದಿಗೆ ಹೋಲಿಸಿ, ಹೊಂದದಿದ್ದರೆ ನಿಮ್ಮದನ್ನೇ ಇಟ್ಟುಕೊಳ್ಳಿ. ಸೆಟ್ಟಿಂಗ್ ಉಳಿಸುವಾಗ ಹೆಸರಿನ ಜೊತೆ ಪ್ಯಾಡ್ ಯಾವುದು ಎಂದೂ ಬರೆದಿಡಿ. ಪ್ಯಾಡ್ ಬದಲಾದ ದಿನ ಟೋನ್ ಪರೀಕ್ಷೆ ಮೊದಲಿನಿಂದ ಮಾಡಬೇಕಾಗುತ್ತದೆ.